ಮಣಿಕಟ್ಟು, ಮುಂಗೈ ನೋವು: ಒಂದೇ ಬೆರಳಿಟ್ಟು ತೋರಿಸಿ

ರಥಸಪ್ತಮಿಯ ದಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ 108 ಸೂರ್ಯ ನಮಸ್ಕಾರ ಇತ್ತು. ದಿನಕ್ಕೆ 12 ಹಾಕುವವನು ನಾನು. ಅವತ್ತು ಹುಮ್ಮಸ್ಸಿನಲ್ಲಿ ನೂರೆಂಟೂ ಮುಗಿಸಿದೆ. ಮಾರನೇ ದಿನ ತೊಡೆ ಹಿಡಿದುಕೊಂಡಿತು, ಅದು ಗೊತ್ತಿದ್ದದ್ದೇ. ಮೂರನೇ ದಿನ ಬೆಳಿಗ್ಗೆ ಫ್ರಿಜ್ಜಿನಿಂದ ದೋಸೆ ಹಿಟ್ಟಿನ ಪಾತ್ರೆ ಎತ್ತುವಾಗ ಬಲ ಮಣಿಕಟ್ಟಿನಲ್ಲಿ ಚಳಕ್ ಅಂತು. ಪಾತ್ರೆ ಕೈ ಜಾರಲಿಲ್ಲ, ಅಷ್ಟೇ ಪುಣ್ಯ.

ಲೆಕ್ಕ ಹಾಕಿದ್ದು ಆಮೇಲೆ. 12 ಹೆಜ್ಜೆಯ ನಮಸ್ಕಾರದಲ್ಲಿ ನಾಲ್ಕು ಭಂಗಿಗಳಲ್ಲಿ ಮೈಭಾರ ಅಂಗೈ ಮೇಲೆ ಬೀಳುತ್ತದೆ. ಅಂದರೆ ದಿನಕ್ಕೆ 48 ಸಲ ಭಾರ ಹೊತ್ತು ರೂಢಿಯಿದ್ದ ಕೈಗೆ ಒಂದೇ ಬೆಳಿಗ್ಗೆ 432 ಸಲ ಹೊರಿಸಿದ್ದೆ.

ಬಾಮ್ ಹಚ್ಚಿದೆ. ಕ್ರೇಪ್ ಬ್ಯಾಂಡೇಜ್ ಸುತ್ತಿದೆ. ನಮಸ್ಕಾರ ಮಾತ್ರ ಬಿಡಲಿಲ್ಲ. ಆರು ವಾರ ಹೀಗೇ ಎಳೆದ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. "ಎಲ್ಲಿ ನೋವು ಸರ್?" ಅಂದರು. ಎಡಗೈಯಿಂದ ಇಡೀ ಮಣಿಕಟ್ಟನ್ನು ಬಳೆಯ ಹಾಗೆ ಹಿಡಿದು "ಇಲ್ಲೆಲ್ಲ" ಅಂದೆ. "ಹಾಗಲ್ಲ, ಒಂದೇ ಬೆರಳಿಟ್ಟು ತೋರಿಸಿ" ಅಂದರು. ಒತ್ತುತ್ತಾ ಹೋದೆ. ವಾಚಿನ ಮುಖ ಕೂರುವ ಜಾಗದ ನಟ್ಟನಡುವೆ, ಕಡಲೆಕಾಳಿನಷ್ಟು ಕಡೆ ಮಾತ್ರ ನೋವಿತ್ತು. ಅರ್ಧ ಪತ್ತೆ ಕೆಲಸ ಅಲ್ಲೇ ಮುಗಿಯಿತು.

ಹಾಗಾಗಿ ಈ ಕೈಪಿಡಿ ಆ ಬೆರಳಿನ ಹಿಂದೆಯೇ ಹೋಗುತ್ತದೆ. ನೋವು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ, ಯಾವಾಗ ಬರುತ್ತದೆ ಅನ್ನುವುದೇ ಜಾಸ್ತಿ ಸುಳಿವು ಕೊಡುತ್ತದೆ. ನಾನು ಡಾಕ್ಟರಲ್ಲ. ಇಲ್ಲಿರುವುದು ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳು, ಮತ್ತು ಎಲ್ಲಿಗೆ ನಿಲ್ಲಿಸಬೇಕು ಎಂಬ ಗೆರೆ.

ಮೊದಲು ಇದನ್ನು ಓದಿ: ಇವು ಮನೆಯಲ್ಲಿ ನೋಡುವ ನೋವಲ್ಲ

ಕೈನೋವಿನ ಜೊತೆ ಎದೆ ಬಿಗಿತ, ದವಡೆ ನೋವು, ತಣ್ಣನೆ ಬೆವರು, ಉಸಿರಾಟಕ್ಕೆ ಕಷ್ಟ ಇದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಎಡಗೈಯೇ ನೋಯಬೇಕೆಂದಿಲ್ಲ. ಮೆಟ್ಟಿಲು ಹತ್ತುವಾಗ, ಓಡುವಾಗ ಬಂದು, ನಿಂತರೆ ಹೋಗುವ ಕೈನೋವನ್ನೂ ಅನುಮಾನದಿಂದಲೇ ನೋಡಿ. ಅದರಲ್ಲೂ ಎಲ್ಲಿ ಒತ್ತಿದರೂ, ಹೇಗೆ ತಿರುಗಿಸಿದರೂ ಹೆಚ್ಚುಕಮ್ಮಿಯಾಗದಿದ್ದರೆ ಅದು ಹೃದಯದ ನೋವಿರಬಹುದು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ.

ವಿಪರೀತ ವ್ಯಾಯಾಮದ ಒಂದೆರಡು ದಿನದಲ್ಲಿ ತೋಳು ಊದಿಕೊಂಡು, ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ರಕ್ತಕ್ಕೆ ಸೇರುತ್ತಿದೆ ಎಂದರ್ಥ. ಇದು ಕಿಡ್ನಿಗೆ ಹೊಡೆತ. "ನೂರು ಪುಷ್‌ಅಪ್ ಪಂದ್ಯ" ಕಟ್ಟಿಕೊಂಡ ಗಟ್ಟಿಮುಟ್ಟಾದ ಹುಡುಗರಿಗೂ ಇದು ಬರುತ್ತದೆ. ಇಡೀ ಕೈ ದಪ್ಪಗಾಗಿ, ನೀಲಿ ಬಣ್ಣಕ್ಕೆ ತಿರುಗಿ, ಭುಜದ ಮೇಲೆ ರಕ್ತನಾಳಗಳು ಎದ್ದು ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು. ಮುಂಗೈ ಕಲ್ಲಿನ ಹಾಗೆ ಬಿಗಿದು, ಬೆರಳು ಬಿಡಿಸಿದರೆ ಜೀವ ಹೋದಷ್ಟು ನೋವಾದರೆ ಒಳಗಿನ ಒತ್ತಡ ರಕ್ತದ ಓಡಾಟವನ್ನೇ ತಡೆಯುತ್ತಿರಬಹುದು. ಜ್ವರದ ಜೊತೆ ಒಂದು ಮಣಿಕಟ್ಟು ಮಾತ್ರ ಕೆಂಪಗೆ, ಬಿಸಿಯಾಗಿ ಊದಿದರೆ ಕೀಲಿನಲ್ಲಿ ಸೋಂಕಿರಬಹುದು. ಇವು ಯಾವುದಕ್ಕೂ "ನಾಳೆ ನೋಡೋಣ" ನಡೆಯುವುದಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಪೈಸೆ ಖರ್ಚಿಲ್ಲದ ತಪಾಸಣೆ

ಒಂದು ಚೀಟಿ ತೆಗೆದುಕೊಳ್ಳಿ. ನೋವು ಶುರುವಾದ ದಿನ ಬರೆಯಿರಿ. ಅದರ ಹಿಂದಿನ ಎರಡು ವಾರದಲ್ಲಿ ಹೊಸದಾಗಿ ಏನು ಸೇರಿತು? ತೂಕ ಏರಿಸಿದಿರಾ, ರಾಕೆಟ್ ಬದಲಾಯಿಸಿದಿರಾ, ಹೊಸ ಟ್ರೈನರ್ ಬಂದರಾ? ಸುಮಾರು ನೋವುಗಳ ಬೇರು ಈ ಸಾಲಿನಲ್ಲೇ ಸಿಕ್ಕಿಬಿಡುತ್ತದೆ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ವ್ಯಾಯಾಮ ಒಂದು ಗಂಟೆ. ಉಳಿದ 23 ಗಂಟೆ ಕೈ ಏನು ಮಾಡುತ್ತಿರುತ್ತದೆ? ಈಗಲೇ ಎಡಗೈಯಿಂದ ಬಲ ಮೊಣಕೈಯ ಸ್ವಲ್ಪ ಕೆಳಗೆ ಮುಂಗೈಯನ್ನು ಹಿಡಿದುಕೊಳ್ಳಿ. ಬಲಗೈ ಬೆರಳುಗಳನ್ನು ತಬಲಾ ನುಡಿಸುವ ಹಾಗೆ ಆಡಿಸಿ. ಒಳಗೆ ಮಾಂಸಖಂಡ ಓಡಾಡುವುದು ಗೊತ್ತಾಗುತ್ತದೆ, ಅಲ್ವಾ? ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಟೆಂಡನ್ ಅನ್ನುವ ಹಗ್ಗಗಳು ಮಣಿಕಟ್ಟಿನ ಕಿರಿದಾದ ಓಣಿಗಳಲ್ಲಿ ತೂರಿ ಬೆರಳಿಗೆ ಹೋಗುತ್ತವೆ. ಹಾಗಾಗಿ ಮೌಸ್ ಒತ್ತುವುದು, ಟ್ರಾಫಿಕ್ಕಿನಲ್ಲಿ ಬೈಕಿನ ಕ್ಲಚ್ ಹಿಡಿಯುವುದು, ಹೆಬ್ಬೆರಳಿನಿಂದ ಮೊಬೈಲ್ ತಳ್ಳುವುದು, ಬಟ್ಟೆ ಹಿಂಡುವುದು ಎಲ್ಲವೂ ಮುಂಗೈಗೆ ವ್ಯಾಯಾಮವೇ. ಜಿಮ್ಮಿನಲ್ಲಿ ಕೊಟ್ಟ ಭಾರ ಇದರ ಮೇಲೆ ಹೆಚ್ಚುವರಿ.

ಈಗ ಬೆರಳಿಟ್ಟು ನೋವಿನ ಜಾಗ ಹುಡುಕಿ.

"ಎರಡೂ ಮುಂಗೈ ನೋವು, ಎಲ್ಲಿ ಒತ್ತಿದರೂ ನೋವು"

ಒಂದು ಚುಕ್ಕೆ ಅಂತ ಸಿಗುವುದಿಲ್ಲ, ಎರಡೂ ಕಡೆ ಒಂದೇ ತರಹ, ವ್ಯಾಯಾಮದ ಮಾರನೇ ದಿನ ಶುರು. ಇದು ಮಾಮೂಲಿ ಮೈಕೈ ನೋವು. 24ರಿಂದ 72 ಗಂಟೆಯೊಳಗೆ ಜೋರಾಗಿ, ವಾರದೊಳಗೆ ಇಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಅಂತ ಜಿಮ್ಮಿನಲ್ಲಿ ಹೇಳುತ್ತಾರೆ. ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಕಾರಣ ಸ್ನಾಯುವಿನಲ್ಲಿ ಆಗುವ ಸಣ್ಣ ಸಣ್ಣ ಗಾಯಗಳು. ಬಿಸಿನೀರು, ಹಗುರ ಓಡಾಟ, ನಿದ್ದೆ ಸಾಕು. ವಾರ ಕಳೆದರೂ ಹೋಗದಿದ್ದರೆ ಇದು ಅದಲ್ಲ, ಮುಂದೆ ಓದಿ.

"ಅಂಗೈ ಊರಿದರೆ ವಾಚ್ ಕೂರುವ ಜಾಗದಲ್ಲಿ ಚಳಕ್ ಅನ್ನುತ್ತೆ"

ಇದು ನನ್ನ ನೋವು. ನಮಸ್ಕಾರ, ಪುಷ್‌ಅಪ್, ಪ್ಲ್ಯಾಂಕ್ ಮಾಡುವವರದ್ದು. ತಾನಾಗಿ ಎತ್ತಿದರೆ ಕೈ ಸಾಮಾನ್ಯವಾಗಿ 70 ಡಿಗ್ರಿ ಆಸುಪಾಸು ಹಿಂದಕ್ಕೆ ಬಾಗುತ್ತದೆ. ನೆಲಕ್ಕೆ ಅಂಗೈ ಊರಿ ಭುಜವನ್ನು ಅದರ ಮೇಲೆ ತಂದರೆ 90 ಡಿಗ್ರಿ. ಉಳಿದ 20 ಡಿಗ್ರಿಯನ್ನು ಮೈಭಾರ ಒತ್ತಾಯದಿಂದ ಬಾಗಿಸುತ್ತದೆ. ಆಗ ಮಣಿಕಟ್ಟಿನ ಹಿಂಬದಿಯ ಮೆತ್ತನೆ ಪದರ ಮೂಳೆಗಳ ನಡುವೆ ಚಿವುಟಿಕೊಳ್ಳುತ್ತದೆ. ಬಾಗಿಲ ಸಂದಿಗೆ ಪರದೆಯ ಅಂಚು ಸಿಕ್ಕಿಕೊಂಡ ಹಾಗೆ.

ಪರೀಕ್ಷೆ ಸುಲಭ. ಮಂಡಿಯೂರಿ ಕೂತು ಅಂಗೈ ಊರಿ ಸ್ವಲ್ಪ ಭಾರ ಬಿಡಿ. ನೋವಾಯಿತಾ? ಈಗ ಮುಷ್ಟಿ ಕಟ್ಟಿ, ಮಣಿಕಟ್ಟು ನೆಟ್ಟಗಿಟ್ಟು ಅಷ್ಟೇ ಭಾರ ಬಿಡಿ. ಮುಷ್ಟಿಯಲ್ಲಿ ನೋವಿಲ್ಲದಿದ್ದರೆ ಹೆಚ್ಚಾಗಿ ಚಿವುಟುವ ನೋವೇ. ಕೆಲವು ವಾರ ಮುಷ್ಟಿ ಮೇಲೆ ಅಥವಾ ಪುಷ್‌ಅಪ್ ಹಿಡಿಕೆಯ ಮೇಲೆ ಮಾಡಿ. ಅದೂ ಇಲ್ಲವೇ, ಚಾಪೆಯ ಅಂಚನ್ನು ಮೂರ್ನಾಲ್ಕು ಮಡಿಕೆ ಮಡಚಿ ಅಂಗೈಯ ಬುಡವನ್ನು ಅದರ ಮೇಲಿಡಿ, ಬೆರಳುಗಳು ಕೆಳಗೆ ನೆಲಕ್ಕಿರಲಿ. ಬಾಗುವ ಕೋನ ಅಷ್ಟರಲ್ಲೇ ಕಮ್ಮಿಯಾಗುತ್ತದೆ. ಬೆರಳು ಅಗಲಿಸಿ, ತೋರುಬೆರಳಿನ ಬುಡದಿಂದ ನೆಲವನ್ನು ತಳ್ಳಿ. ಎಲ್ಲ ಭಾರವನ್ನೂ ಅಂಗೈಯ ಹಿಮ್ಮಡಿಗೆ ಹಾಕಬೇಡಿ.

ಅದೇ ಜಾಗದಲ್ಲಿ, ಮಣಿಕಟ್ಟನ್ನು ಮುಂದಕ್ಕೆ ಬಗ್ಗಿಸಿದಾಗ ಸಣ್ಣ ಗಂಟು ಎದ್ದು ಕಾಣುತ್ತದಾ? ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಗಂಟಿನ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಬೆಳಕು ಒಳಗೆ ಹಾದು ಗಂಟು ಕೆಂಪಗೆ ಹೊಳೆದರೆ ಅದು ಗ್ಯಾಂಗ್ಲಿಯಾನ್, ಲೋಳೆ ತುಂಬಿದ ಚೀಲ, ಇರಬಹುದು. ಅಪಾಯವಿಲ್ಲ, ಎಷ್ಟೋ ಸಲ ತಾನೇ ಮಾಯವಾಗುತ್ತದೆ. ದಪ್ಪ ಪುಸ್ತಕದಿಂದ ಹೊಡೆದು ಒಡೆಯುವ ಹಳೇ ಮದ್ದು ಮಾತ್ರ ಬೇಡ. ಗಂಟಿಗಿಂತ ಮೊದಲು ಮೂಳೆ ಮುರಿದೀತು. ಬೆಳಕು ಹಾಯದಿದ್ದರೆ, ಗಂಟು ಬೆಳೆಯುತ್ತಿದ್ದರೆ ತೋರಿಸಿ.

ಮುಷ್ಟಿಯಲ್ಲೂ ನೋವು, ಒಳಗೆ ಕಟಕ್ ಅಂತ ಏನೋ ಜರುಗಿದ ಅನುಭವ, ಹಿಡಿತ ಸಡಿಲ. ಇವಿದ್ದರೆ ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳನ್ನು ಬಿಗಿದಿಡುವ ಪಟ್ಟಿ ಹರಿದಿರಬಹುದು. ಮನೆಮದ್ದು ನಿಲ್ಲಿಸಿ.

"ಹೆಬ್ಬೆರಳಿನ ಬುಡದಲ್ಲಿ ನೋವು"

ಇಲ್ಲಿ ತುಸು ನಿಧಾನವಾಗಿ ನೋಡಬೇಕು. ನಾಲ್ಕು ಬೆರಳಗಲದ ಜಾಗದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಕೂತಿರುತ್ತವೆ.

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಅದರ ಮೇಲೆ ಮುಷ್ಟಿ ಕಟ್ಟಿ. ಈಗ ಮೆಲ್ಲಗೆ ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ವಾಲಿಸಿ. ಮೆಲ್ಲಗೆ ಅಂದೆ, ಯಾಕೆಂದರೆ ಚೆನ್ನಾಗಿರುವ ಕೈಯಲ್ಲೂ ಇದು ಸ್ವಲ್ಪ ಎಳೆಯುತ್ತದೆ. ಎರಡೂ ಕೈಯಲ್ಲಿ ಮಾಡಿ ಹೋಲಿಸಿ. ಒಂದು ಕಡೆ ಕಿರುಚುವಷ್ಟು ನೋವಾದರೆ ಹೆಬ್ಬೆರಳಿನ ಎರಡು ಹಗ್ಗಗಳು ತಮ್ಮ ಓಣಿಯಲ್ಲಿ ಉಜ್ಜಿ ಉರಿಯೆದ್ದಿವೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕೆರ್ವೆನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಡಾಕ್ಟರ ಚೀಟಿಯಲ್ಲಿ ಅವರ ಹೆಸರೇ ಇರುತ್ತದೆ. ಡಂಬೆಲ್ಸ್, ಬ್ಯಾಡ್ಮಿಂಟನ್, ಗರಡಿಮನೆಯ ಗದೆ ತಿರುಗಿಸುವವರಿಗೆ ಬರುತ್ತದೆ. ಮಗುವನ್ನು ಕಂಕುಳಿಗೆ ಕೈ ಹಾಕಿ ದಿನಕ್ಕೆ ಹತ್ತಾರು ಸಲ ಎತ್ತುವ ಬಾಣಂತಿಯರಿಗೆ ಇನ್ನೂ ಜಾಸ್ತಿ. ಇದಕ್ಕೆ ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಸ್ಪ್ಲಿಂಟ್ ಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಬರೀ ಮಣಿಕಟ್ಟಿನ ಬೆಲ್ಟ್ ಹಾಕಿದರೆ ಹೆಬ್ಬೆರಳು ಆರಾಮಾಗಿ ಮೊಬೈಲ್ ತಳ್ಳುತ್ತಲೇ ಇರುತ್ತದೆ!

ನೋವು ಇನ್ನೂ ಮೇಲೆ, ಮಣಿಕಟ್ಟಿನಿಂದ 4–6 ಸೆಂಟಿಮೀಟರ್ ಮೊಣಕೈ ಕಡೆಗಿದೆಯಾ? ಅಲ್ಲಿ ಬೆರಳಿಟ್ಟು ಕೈ ಆಡಿಸಿದರೆ ಹೊಸ ಚಪ್ಪಲಿ ಕಿರುಗುಟ್ಟಿದ ಹಾಗೆ ಕರಕರ ಅನ್ನಿಸುತ್ತದಾ? ಎರಡು ಗುಂಪಿನ ಹಗ್ಗಗಳು ಒಂದರ ಮೇಲೊಂದು ಹಾದುಹೋಗುವ ಅಡ್ಡರಸ್ತೆ ಅದು. ದೋಣಿ ಹುಟ್ಟು ಹಾಕುವವರಲ್ಲಿ, ರೋಯಿಂಗ್ ಮಷೀನ್ ಎಳೆಯುವವರಲ್ಲಿ ಕಾಣುತ್ತದೆ. ಎರಡು ಮೂರು ವಾರ ಎಳೆಯುವ ವ್ಯಾಯಾಮ ಬಿಟ್ಟರೆ ಹೆಚ್ಚಿನವರಿಗೆ ತಣ್ಣಗಾಗುತ್ತದೆ.

ಮೂರನೆಯದು ಮೂಳೆ. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದರೆ ಬುಡದಲ್ಲಿ ಒಂದು ಗುಳಿ ಬೀಳುತ್ತದೆ. ಹಿಂದಿನವರು ನಶ್ಯ ಇಟ್ಟು ಏರಿಸುತ್ತಿದ್ದದ್ದು ಅಲ್ಲಿಂದಲೇ. ಸೈಕಲ್ಲಿನಿಂದ ಬಿದ್ದು, ಕೋರ್ಟಿನಲ್ಲಿ ಜಾರಿ, ಕೈ ಊರಿದ ಮೇಲೆ ಆ ಗುಳಿಯಲ್ಲಿ ಒತ್ತಿದರೆ ನೋವಿದೆಯಾ? ಅದರ ತಳದಲ್ಲಿ ಗೋಡಂಬಿ ಆಕಾರದ ಸ್ಕೇಫಾಯ್ಡ್ ಮೂಳೆಯಿದೆ. ಅದು ಬಿರುಕು ಬಿಟ್ಟರೆ ಊತ ಕಮ್ಮಿ, ನೋವೂ ಅಷ್ಟಕ್ಕಷ್ಟೆ. "ಉಳುಕು" ಅಂತ ಎಲ್ಲರೂ ಬಿಟ್ಟುಬಿಡುವುದು ಇದಕ್ಕೇ. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಬರುತ್ತದೆ. ನಡುವೆ ಮುರಿದರೆ ಇನ್ನೊಂದು ತುಂಡಿಗೆ ರಕ್ತವಿಲ್ಲದೆ ಕೂಡಿಕೊಳ್ಳದೇ ಹೋಗಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರುತ್ತದೆ. ಆದ್ದರಿಂದ ಗುಳಿಯಲ್ಲಿ ನೋವಿದ್ದರೆ ಎಕ್ಸ್‌ರೇ ಸರಿಯಿದ್ದರೂ ಪಟ್ಟಿ ಹಾಕಿ, 10ರಿಂದ 14 ದಿನದ ನಂತರ ಮತ್ತೆ ತೆಗೆಯುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಬಿದ್ದ ಕೈಯನ್ನು ಎಣ್ಣೆ ಹಾಕಿ ನೀವಿಸಬೇಡಿ, ಉಳುಕು ತೆಗೆಸಲು ಎಳೆಸಬೇಡಿ. ಎಕ್ಸ್‌ರೇ ಮೊದಲು.

"ಕಿರುಬೆರಳಿನ ಕಡೆ ನೋವು, ಬೀಗ ತಿರುಗಿಸಲು ಆಗಲ್ಲ"

ಕುರ್ಚಿಯ ಎರಡೂ ಕೈಗಳ ಮೇಲೆ ಅಂಗೈ ಊರಿ ಮೇಲೇಳಿ. ಕಿರುಬೆರಳಿನ ಕಡೆಯ ಮಣಿಕಟ್ಟಿನಲ್ಲಿ ಚುಚ್ಚಿದರೆ ಅಲ್ಲಿರುವ ಮೆದುಮೂಳೆಯ ದಿಂಬು ಸವೆದಿರಬಹುದು ಅಥವಾ ಹರಿದಿರಬಹುದು. ಬೀಗದ ಕೈ ತಿರುಗಿಸುವುದು, ಬಟ್ಟೆ ಹಿಂಡುವುದು, ಬಾಣಲೆ ಓರೆ ಮಾಡಿ ಸುರಿಯುವುದು ಕಷ್ಟ. ನಾಲ್ಕರಿಂದ ಆರು ವಾರ ತಿರುಚುವ ಕೆಲಸ ಬಿಡಿ, ಮಣಿಕಟ್ಟಿನ ಬೆಲ್ಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ತಿರುಗಿಸುವಾಗ ಟಕ್ ಎಂದು ಹಗ್ಗ ಜಾರಿದಂತಾದರೆ, ಬಿದ್ದ ಮೇಲೆ ಶುರುವಾಗಿದ್ದರೆ ಕಾಯಬೇಡಿ.

"ಮಣಿಕಟ್ಟು ಅನ್ನಿಸುತ್ತೆ, ಆದರೆ ಬೆರಳು ಮೊಣಕೈಗೆ ಹೋಗುತ್ತೆ"

ಮೊಣಕೈಯ ಹೊರಗಿನ ಮೂಳೆ ಗುಬ್ಬಿಯ ಮೇಲೆ ಒತ್ತಿದಾಗ "ಅಯ್ಯೋ, ಇದೇ" ಅನ್ನಿಸಿದರೆ ಟೆನ್ನಿಸ್ ಎಲ್ಬೋ. ಟೆನ್ನಿಸ್ ರಾಕೆಟ್ಟನ್ನೇ ಮುಟ್ಟದವರಿಗೂ ಬರುತ್ತದೆ. ಮೊಣಕೈ ನೆಟ್ಟಗಿಟ್ಟು, ಅಂಗೈ ಕೆಳಮುಖ ಮಾಡಿ ಹಗುರ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದು ಎತ್ತಿ. ಗುಬ್ಬಿಯಲ್ಲಿ ನೋವೆದ್ದು ಮುಂಗೈಗೆ ಇಳಿದರೆ ಅನುಮಾನ ಗಟ್ಟಿ. ಒಳಗಿನ ಗುಬ್ಬಿಯಲ್ಲಿ ನೋವಿದ್ದರೆ ಪುಲ್‌ಅಪ್, ಕರ್ಲ್ (ಮೊಣಕೈ ಮಡಚಿ ತೂಕ ಎತ್ತುವುದು) ಜಾಸ್ತಿಯಾಗಿರಬಹುದು.

ಬ್ಯಾಡ್ಮಿಂಟನ್ ಆಡುವವರು ಮೊದಲು ಹಿಡಿಕೆ ನೋಡಿಕೊಳ್ಳಿ. ಬೆವರಿಗೆ ಜಾರುವ ಹಳೇ ಗ್ರಿಪ್ ಇದ್ದರೆ ಗೊತ್ತಿಲ್ಲದೇ ಕೈ ಬಿಗಿ ಹಿಡಿಯುತ್ತದೆ. ಗ್ರಿಪ್ ಬದಲಾಯಿಸುವುದು ಎಲ್ಲಕ್ಕಿಂತ ಅಗ್ಗದ ಮದ್ದು. ಆಮೇಲೆ ತಂತಿಯ ಬಿಗಿತ ಇಳಿಸಿ. ಟಿವಿಯಲ್ಲಿ ಆಡುವವರ ಬಿಗಿತ ನಮ್ಮ ಸಂಜೆಯ ಆಟಕ್ಕೆ ಬೇಕಿಲ್ಲ.

ಮನೆಯ ವ್ಯಾಯಾಮ ಹೀಗೆ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಹಸ್ತ ಅಂಚಿನಾಚೆ ಇರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ನೆರವಿನಿಂದ ಹಸ್ತ ಮೇಲೆತ್ತಿ, ನೆರವು ಬಿಟ್ಟು ನಾಲ್ಕೈದು ಎಣಿಸುತ್ತಾ ಇಳಿಸಿ. 15ರಂತೆ ಮೂರು ಸುತ್ತು. ತಿಂಗಳುಗಟ್ಟಲೆ ತಾಳ್ಮೆ ಬೇಕು. ಹೆಚ್ಚಿನವರಿಗೆ ವರ್ಷದೊಳಗೆ ವಾಸಿಯಾಗುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಮ್ಯಾಜಿಕ್ ಮಾಡುತ್ತದೆ ನಿಜ. ಆದರೆ ಟೆನ್ನಿಸ್ ಎಲ್ಬೋದಲ್ಲಿ ವರ್ಷದ ಕೊನೆಗೆ ಇಂಜೆಕ್ಷನ್ ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಹಿಂದೆ ಬಿದ್ದಿರುವುದು ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲ ದಿನ ಸಕ್ಕರೆಯೂ ಏರುತ್ತದೆ. ಡಿ ಕೆರ್ವೆನ್ ನೋವಿನಲ್ಲಿ ಮಾತ್ರ ಅದೇ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ಮದ್ದು, ಜಾಗ ಬೇರೆ. ಬೆರಳಿಟ್ಟು ತೋರಿಸುವುದು ಇದಕ್ಕೇ ಬೇಕು.

"ನೋವಿಗಿಂತ ಜೋಮು ಜಾಸ್ತಿ"

ಯಾವ ಬೆರಳು ಅನ್ನುವುದೇ ಇಲ್ಲಿ ಉತ್ತರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಾಯೆನಿಸುತ್ತದಾ? ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಕೊಂಡಿದೆ, ಕಾರ್ಪಲ್ ಟನಲ್. ಎರಡೂ ಮಣಿಕಟ್ಟನ್ನು ಪೂರ್ತಿ ಕೆಳಕ್ಕೆ ಮಡಚಿ, ಕೈಗಳ ಹಿಂಬದಿ ಒಂದಕ್ಕೊಂದು ತಾಗಿಸಿ 60 ಸೆಕೆಂಡ್ ಹಿಡಿಯಿರಿ. ಜೋಮು ಏರಿದರೆ ಅನುಮಾನ ಗಟ್ಟಿ. ರಾತ್ರಿ ಮಣಿಕಟ್ಟು ನೆಟ್ಟಗಿಡುವ ಸ್ಪ್ಲಿಂಟ್ ಹಾಕಿ ಆರು ವಾರ ನೋಡಬಹುದು. ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ಗರ್ಭಿಣಿಯರಿಗೂ ಇದು ಬರುತ್ತದೆ, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ.

ಕಿರುಬೆರಳು, ಉಂಗುರಬೆರಳು ಮಾತ್ರ ಜೋಮು ಅಂದರೆ ಬೇರೆ ನರ. ಸೈಕಲ್ ಹ್ಯಾಂಡಲ್ ಮೇಲೆ ಗಂಟೆಗಟ್ಟಲೆ ಭಾರ ಹಾಕುವವರು ಹಿಡಿತ ಬದಲಿಸುತ್ತಿರಿ. ಮೊಣಕೈ ಮಡಚಿ ಮಲಗುವವರು ಕೈ ಚಾಚಿ ಮಲಗಿ. ಗುಂಡಿ ಹಾಕಲು ಆಗದಿದ್ದರೆ, ವಸ್ತು ಕೈಜಾರುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಚಪ್ಪಟೆಯಾಗಿದ್ದರೆ ನರ ಸೋಲುತ್ತಿದೆ, ಆ ವಾರವೇ ತೋರಿಸಿ. ಕತ್ತಿನಿಂದ ಕೈವರೆಗೆ ಕರೆಂಟ್ ಹೊಡೆದಂತಾದರೆ ದೋಷ ಕತ್ತಿನಲ್ಲಿರಬಹುದು.

"ನೇರ ಬಾರ್‌ನಲ್ಲಿ ಕರ್ಲ್ ಮಾಡಿದರೆ ಮುಂಗೈ ಮೂಳೆಯೊಳಗೇ ನೋವು"

ಅಲೆಯಲೆಯಾದ ಇಝಡ್ ಬಾರ್ ಅಥವಾ ಡಂಬೆಲ್ಸ್‌ಗೆ ಬದಲಾಯಿಸಿ, ತೂಕ ಅರ್ಧಕ್ಕಿಳಿಸಿ. ಬೆಂಚ್ ಪ್ರೆಸ್‌ನಲ್ಲಿ ಬಾರ್ ಬೆರಳಿನ ಕಡೆ ಕೂರದೆ ಅಂಗೈಯ ಬುಡದಲ್ಲಿ, ಮುಂಗೈ ಮೂಳೆಯ ನೇರಕ್ಕೆ ಕೂರಬೇಕು. ಮೂಳೆಯ ಮೇಲೆ ಒಂದೇ ಚುಕ್ಕೆಯಲ್ಲಿ ನೋವಿದ್ದು, ಮಲಗಿದಾಗಲೂ ಕಾಡಿದರೆ ಸಣ್ಣ ಬಿರುಕಿರಬಹುದು. ಎತ್ತುವುದನ್ನು ನಿಲ್ಲಿಸಿ, ತೋರಿಸಿ.

"ವ್ಯಾಯಾಮ ಬಿಟ್ಟು ಎರಡು ವಾರವಾಯಿತು, ನೋವು ಹಾಗೇ ಇದೆ"

ಆಗ ವ್ಯಾಯಾಮವನ್ನೇ ದೂರಬೇಡಿ. ಇತ್ತೀಚಿಗೆ ಜ್ವರ ಬಂದಿತ್ತಾ? 2006ರಲ್ಲಿ ಚಿಕುನ್‌ಗುನ್ಯಾ ನಮ್ಮ ಊರೂರಿಗೂ ಬಂದಾಗ ಜ್ವರ ವಾರದಲ್ಲಿ ಹೋಯಿತು, ಮಣಿಕಟ್ಟು ಮತ್ತು ಬೆರಳ ನೋವು ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಉಳಿಯಿತು. ಈಗಲೂ ಹಾಗೇ. ಎರಡೂ ಮಣಿಕಟ್ಟು ಊದಿ, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿತವಿದ್ದರೆ ಸಂಧಿವಾತದ ಪರೀಕ್ಷೆ ಬೇಕು. ಭೇದಿಗೋ ಮೂತ್ರದ ಉರಿಗೋ ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ನುಂಗಿದಿರಾ? ಈ ಜಾತಿಯ ಮಾತ್ರೆಗಳು ಟೆಂಡನ್‌ಗೆ ಪೆಟ್ಟು ಕೊಡಬಹುದು. ಕೊಲೆಸ್ಟ್ರಾಲಿನ ಸ್ಟಾಟಿನ್ ಮಾತ್ರೆ ಸ್ನಾಯು ನೋಯಿಸಬಹುದು. ಸ್ಟಾಟಿನನ್ನು ನೀವೇ ಬಿಡಬೇಡಿ, ಸಿಪ್ರೋಫ್ಲಾಕ್ಸಾಸಿನ್ ಜಾತಿಯದಾದರೆ ಮುಂದಿನ ಮಾತ್ರೆ ನುಂಗಬೇಡಿ; ಎರಡಕ್ಕೂ ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ.

ಎರಡು ವಾರದ ಮಟ್ಟಿಗೆ

ಪೂರ್ತಿ ವಿಶ್ರಾಂತಿ ಬೇಡ, ನೋಯಿಸುವ ಆ ಒಂದು ಚಲನೆ ಮಾತ್ರ ಬೇಡ. ನಾನು ನಡಿಗೆ, ಬಸ್ಕಿ ಮುಂದುವರಿಸಿದೆ. ಹತ್ತಕ್ಕೆ ಮೂರರೊಳಗಿನ ನೋವು, ಅದೂ ಮಾರನೇ ಬೆಳಿಗ್ಗೆಗೆ ಮೊದಲಿನಷ್ಟಕ್ಕೇ ಇಳಿದರೆ ನಡೆಯುತ್ತದೆ. ಇಳಿಯದಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು. ಐಸನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಿ, ನೇರ ಚರ್ಮಕ್ಕೆ ಬೇಡ. ಬ್ಯಾಂಡೇಜ್ ಕಟ್ಟಿದ ಮೇಲೆ ಬೆರಳು ತಣ್ಣಗಾದರೆ ಬಿಗಿ ಜಾಸ್ತಿ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿ ವ್ಯಾಯಾಮಕ್ಕೆ ಹೋಗುವುದು ಎಚ್ಚರಿಕೆಯ ಗಂಟೆಗೆ ಬಟ್ಟೆ ತುರುಕಿದ ಹಾಗೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಕೇಳದೆ ಮುಟ್ಟಬೇಡಿ. ಮೈ ಬಿಸಿಯಿದ್ದರೆ ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೂ ಇವನ್ನು ಯಾರೂ ನುಂಗಬೇಡಿ.

ಎರಡು ಮೂರು ವಾರದಲ್ಲಿ ಚೂರೂ ಕಮ್ಮಿಯಾಗದಿದ್ದರೆ ಮೂಳೆ ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಮೂಳೆಗೆ ಎಕ್ಸ್‌ರೇ, ಹಗ್ಗಗಳಿಗೆ ಅಲ್ಟ್ರಾಸೌಂಡ್, ನರಕ್ಕೆ ನರದ ವೇಗ ಅಳೆಯುವ ಪರೀಕ್ಷೆ. ನೇರವಾಗಿ ಎಂಆರ್‌ಐಗೆ ಓಡಬೇಕಿಲ್ಲ. ನನಗೆ ಎಕ್ಸ್‌ರೇಯಲ್ಲಿ ಏನೂ ಸಿಗಲಿಲ್ಲ, ಮಡಚಿದ ಚಾಪೆ ಮತ್ತು ಮುಷ್ಟಿಯಲ್ಲೇ ಹತ್ತು ವಾರಕ್ಕೆ ಸರಿಹೋಯಿತು.

ಹೊರಡುವ ಮುಂಚೆ ಮೊದಲು ಬರೆದ ಚೀಟಿ ಜೇಬಿಗೆ ಹಾಕಿಕೊಳ್ಳಿ. ನೋವಿರುವ ಕಡೆ ಬಾಲ್ ಪೆನ್ನಿನಿಂದ ಒಂದು ಚುಕ್ಕೆಯನ್ನೂ ಇಟ್ಟುಕೊಳ್ಳಿ. ಡಾಕ್ಟರ ಮುಂದೆ ಕೂತ ತಕ್ಷಣ ಈ ನೋವು ಎಲ್ಲಿ ಅಡಗುತ್ತದೋ, ಹುಡುಕಿದರೂ ಸಿಗುವುದಿಲ್ಲ.